ನಲವತ್ತೊಂದನೇ ಬಿಲ್ಲೆ

ಸೋಮವಾರ, ಹದಿನಾಲ್ಕನೇ ತಾರೀಕು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕಾರ್ಖಾನೆಯ ಮ್ಯಾನೇಜರು ಏದುಸಿರು ಬಿಡುತ್ತಾ ಠಾಣೆಯೊಳಗೆ ಬಂದಾಗ ಇನ್‌ಸ್ಪೆಕ್ಟರ್ ಮೊದಲನೇ ಲೋಟ ಚಹಾವನ್ನೇ ಮುಗಿಸಿರಲಿಲ್ಲ. ಕೂರಿ ಎಂದರೂ ಮ್ಯಾನೇಜರು ಕೂರಲಿಲ್ಲ.

"ಕೂತ್ರೆ ಮತ್ತೆ ಏಳಕ್ಕಾಗಲ್ಲ ಸರ್. ಕಳ್ಳತನ ಆಗಿದೆ."

"ಏನ್ ಹೋಗಿದೆ?"

"ಒಂದು ಬಿಲ್ಲೆ."

"ಚಿನ್ನದ್ದಾ?"

"ಅಲ್ಲ ಸರ್, ಕಪ್ಪು ಬಿಲ್ಲೆ. ಕುಲುಮೇಲಿ ಬೇಯಿಸಿದ್ದು. ಇಷ್ಟಿರುತ್ತೆ." ಅಂಗೈ ಚಾಚಿ ತೋರಿಸಿದ.

"ಬೆಲೆ ಎಷ್ಟು?"

"ಹೊರಗಡೆ ಮಾರಿದ್ರೆ ಮೂರು ಕಾಸೂ ಹುಟ್ಟಲ್ಲ. ಆದ್ರೆ ಬೆಲೆ ಕಟ್ಟಕ್ಕಾಗಲ್ಲ."

ಠಾಣೆಯ ರೈಟರಮ್ಮ ಪೆನ್ನು ಎತ್ತಿ ಹಿಡಿದಳು. ಇಪ್ಪತ್ತಾರು ವರ್ಷ ಎಫ್‌ಐಆರ್ ಬರೆದ ಕೈ ಅದು. "ಸಾರ್, ಕಾಲಮ್ಮಿಗೆ ಏನಂತ ಬರೀಲಿ? ಹುಟ್ಟಲ್ಲ ಅಂತಲಾ, ಕಟ್ಟಕ್ಕಾಗಲ್ಲ ಅಂತಲಾ?"

ಇನ್‌ಸ್ಪೆಕ್ಟರ್ ಚಹಾದ ಲೋಟ ಪಕ್ಕಕ್ಕಿಟ್ಟ. ಆ ಕಾಲಮ್ಮನ್ನು ಖಾಲಿ ಬಿಡಲು ಹೇಳಿದ.

ಮ್ಯಾನೇಜರು ಹತ್ತು ನಿಮಿಷ ವಿವರಿಸಿದ ಮೇಲೆ ಇಷ್ಟು ತಿಳಿಯಿತು. ಹದಿನೆಂಟು ಜನ ದುಡಿಯುವ ಚಿಕ್ಕ ಕಂಪನಿ. ಇಂಗಾಲದ ಎಳೆಗಳನ್ನು ಪಿಂಗಾಣಿ ಮಣ್ಣಿನಲ್ಲಿ ಸೇರಿಸಿ, ವಾರಗಟ್ಟಲೆ ಬೇಯಿಸಿ ಬಿಲ್ಲೆ ಮಾಡುತ್ತಾರೆ. ಕಬ್ಬಿಣ ಕರಗುವ ಶಾಖದಲ್ಲೂ ಅದು ಮಿಸುಕಾಡುವುದಿಲ್ಲ, ತೂಕ ಮಾತ್ರ ಒಂದು ತೆಳು ಪುಸ್ತಕದಷ್ಟು. ದೊಡ್ಡ ಎಂಜಿನ್ ಕಂಪನಿಯೊಂದು ಮಾದರಿ ಕೇಳಿತ್ತು. ನಲವತ್ತು ಬಿಲ್ಲೆ ಕೆಟ್ಟ ಮೇಲೆ ನಲವತ್ತೊಂದನೆಯದು ಸರಿಯಾಗಿ ಬಂದಿತ್ತು. ಅದನ್ನು ಒಯ್ಯಲು ಎಂಜಿನ್ ಕಂಪನಿಯವರು ಇವತ್ತು ಹತ್ತು ಗಂಟೆಗೆ ಬರುವವರಿದ್ದರು. ಎಂಟೂವರೆಗೆ ಬೀರು ತೆಗೆದರೆ ಬಿಲ್ಲೆಯೇ ಇಲ್ಲ. ಏನೋ ನೆಪ ಹೇಳಿ ಅವರ ಬರವನ್ನು ಮುಂದೂಡಿಸಿದ್ದಾಗಿತ್ತು. ಇನ್ನೊಂದು ಮಾಡಲು ಆರು ವಾರ ಬೇಕು.

ಎಫ್‌ಐಆರ್ ಒಂಬತ್ತು ಮೂವತ್ತೈದಕ್ಕೆ ದಾಖಲಾಯಿತು.

ಒಂಬತ್ತು ಐವತ್ತೆರಡಕ್ಕೆ ಜೀಪು ಕಾರ್ಖಾನೆಯ ಗೇಟಿನೆದುರು ನಿಂತಿತು. ಒಳಗೆ ಒಂದು ಉದ್ದನೆಯ ಶೆಡ್ಡು, ಕೊನೆಯಲ್ಲಿ ಕುಲುಮೆ, ಪಕ್ಕದಲ್ಲಿ ಪರೀಕ್ಷೆಯ ಕೋಣೆ. ಎಲ್ಲದರ ಮೇಲೂ ಕಪ್ಪು ದೂಳು, ಕುರ್ಚಿಯ ಮೇಲೂ. ಹೆಡ್ ಕಾನ್‌ಸ್ಟೇಬಲ್ ಕೂತು ಎದ್ದಾಗ ಖಾಕಿಯ ಹಿಂಭಾಗಕ್ಕೆ ಎರಡು ದುಂಡು ಮುದ್ರೆ ಬಿದ್ದಿದ್ದವು.

ಸ್ಥಳ ಪಂಚನಾಮೆಗೆ ಪಕ್ಕದ ಮುದ್ರಣಾಲಯದಿಂದ ಇಬ್ಬರನ್ನು ಸಾಕ್ಷಿಗೆ ಕರೆಸಿದರು. ಬೀರುವಿನ ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಬೀಗದ ಕೈ ಇದ್ದದ್ದು ಎರಡು. ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಬಿಲ್ಲೆಗಳನ್ನು ಪರೀಕ್ಷಿಸುವ ಹೆಂಗಸಿನ ಹತ್ತಿರ. ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಟೆಸ್ಟಿಂಗ್ ಮೇಡಂ ಎಂದು. ಮೂವತ್ತರ ಮೇಲಿನ ವಯಸ್ಸು, ಉಗುರಿನ ಸಂದಿಯಲ್ಲಿ ಇಂಗಾಲ, ಕೇಳಿದ್ದಕ್ಕಷ್ಟೇ ಉತ್ತರ.

"ಕೊನೇ ಸಲ ಬಿಲ್ಲೆ ನೋಡಿದ್ದು ಯಾವಾಗ?"

"ಶನಿವಾರ ನಾಲ್ಕು ಗಂಟೆಗೆ."

"ಆಮೇಲೆ?"

"ಬೀರುಗೆ ಬೀಗ ಹಾಕ್ದೆ."

"ಮನೆಗೆ ಹೋಗಿದ್ದು?"

"ಕೆಲಸ ಮುಗಿದ್ಮೇಲೆ."

ಗೇಟಿನ ಕಾವಲುಗಾರ ಆಣೆ ಮಾಡಿದ. ಭಾನುವಾರ ರಜೆ, ಯಾರೂ ಒಳಗೆ ಬಂದಿರಲಿಲ್ಲವಂತೆ. ಶನಿವಾರ ಹೊರಗೆ ಹೋದ ಪ್ರತಿಯೊಬ್ಬರ ಚೀಲ, ಡಬ್ಬಿ, ಜೇಬು ಎಲ್ಲವನ್ನೂ ತಡಕಿದ್ದನಂತೆ. ಮ್ಯಾನೇಜರನ್ನೂ ಬಿಟ್ಟಿರಲಿಲ್ಲವಂತೆ. ಮ್ಯಾನೇಜರು ಮುಖ ಸಿಂಡರಿಸಿಕೊಂಡು ಹೌದೆಂದ.

ಇನ್‌ಸ್ಪೆಕ್ಟರ್‌ನ ತಲೆ ಕೆಟ್ಟಿತು. ಬೀಗದ ಕೈ ಇರುವುದು ಇಬ್ಬರ ಬಳಿ, ಇಬ್ಬರ ಸಂಬಳವೂ ಆ ಬಿಲ್ಲೆಯ ಮೇಲೆಯೇ ನಿಂತಿದೆ. ಬಿಲ್ಲೆ ಪಾಸಾದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಶೆಡ್ಡಿಗೆ ಬೀಗ. ಅಂಥದ್ದನ್ನು ಇವರೇಕೆ ಕದಿಯುತ್ತಾರೆ? ಇವರು ಕದಿಯಲಿಲ್ಲವೆಂದರೆ ಮತ್ಯಾರು? ಅದೂ ಗೇಟು ದಾಟದೆ?

"ಎದುರಾಳಿ ಕಂಪನಿಯೋರ ಕೆಲಸ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

"ಯಾವ ಎದುರಾಳಿ?"

"ಯಾರೋ ಇರ್ತಾರಲ್ಲ ಸಾರ್."

ಹೊರಗೆ ಬಂದಾಗ ರಸ್ತೆಯಾಚೆ ಬಸ್ ತಂಗುದಾಣದಲ್ಲಿ ಒಬ್ಬ ಮುದುಕರು ಕೂತು ಜೀಪನ್ನು ನೋಡಿ ನೋಡಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದರು. ಎರಡು ಬಸ್ಸು ಬಂದು ಹೋದರೂ ಹತ್ತಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಹೋಗಿ ರಟ್ಟೆ ಹಿಡಿದ.

"ಕೈ ಬಿಡಯ್ಯಾ. ಮೂವತ್ತೆಂಟು ವರ್ಷ ಲೆಕ್ಕದ ಮೇಷ್ಟ್ರಾಗಿದ್ದೋನು ನಾನು. ನಿನ್ನಂಥೋರಿಗೆ ಎಷ್ಟು ಸೊನ್ನೆ ಕೊಟ್ಟಿಲ್ಲ."

ನೋಟ್‌ಬುಕ್ ತೆರೆದರೆ ಒಂದು ವರ್ಷದ ದಿನಚರಿ. ಬಂದ ಲಾರಿ, ಹೋದ ಲಾರಿ. ಚಿಮಣಿಯ ಹೊಗೆಯ ಬಣ್ಣ. ಶೆಡ್ಡಿನಲ್ಲಿ ಉರಿದ ದೀಪಗಳ ಸಂಖ್ಯೆ. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು. ಕೊನೆಯ ಸಾಲು ಇವತ್ತಿನದು: 'ಒಂಬತ್ತು ಐವತ್ತೆರಡು. ಪೊಲೀಸ್ ಜೀಪು. ಇನ್‌ಸ್ಪೆಕ್ಟರ್ ಒಬ್ಬರು, ಪೇದೆ ಒಬ್ಬ. ಮುಖಭಾವ: ಗೊಂದಲ.'

"ಇದನ್ನೆಲ್ಲಾ ಯಾಕ್ ಬರೀತೀರಿ?"

"ಷೇರು ಇಟ್ಕೊಂಡಿದೀನಲ್ಲಪ್ಪಾ. ನಾನೊಬ್ನೇ ಅಲ್ಲ, ನಾನೂರಾ ಹನ್ನೆರಡು ಜನ. ಫೋನಲ್ಲಿ ಒಂದು ಗುಂಪಿದೆ. ಕಂಪನಿಯೋರು ವರ್ಷಕ್ಕೊಂದ್ಸಲ ಬಾಯಿ ಬಿಡ್ತಾರೆ, ಅದೂ ಅರ್ಧ. ಮಿಕ್ಕಿದ್ದನ್ನ ನಾವೇ ನೋಡ್ಕೋಬೇಕು."

"ಹೊಗೆ ನೋಡಿದ್ರೆ ಏನ್ ಗೊತ್ತಾಗುತ್ತೆ?"

"ಹೊಗೆ ಬಂದ್ರೆ ಕೆಲಸ ನಡೀತಿದೆ ಅಂತ. ಬರದೇ ಹೋದ್ರೆ ಬಿಲ್ಲೆ ಆರಕ್ಕಿಟ್ಟಿದಾರೆ, ಅಂದ್ರೆ ತಯಾರಾಗಿದೆ ಅಂತ."

"ಹಂಗಾದ್ರೆ ಎರಡೂ ಒಳ್ಳೇದೇ?"

ಮೇಷ್ಟ್ರು ಚಿಮಣಿಯ ಕಡೆ ನೋಡಿದರು. "ಕೆಟ್ಟದ್ದು ಇನ್ನೂ ಕಂಡಿಲ್ಲ," ಎಂದರು.

ಗುಂಪಿನಲ್ಲಿ ಆಗಲೇ ಗುಲ್ಲೆದ್ದಿತ್ತು. ಜೀಪು ಬಂದ ಹತ್ತು ನಿಮಿಷಕ್ಕೆ 'ದಾಳಿ' ಎಂದು ಒಬ್ಬ ಹಾಕಿದ, ಷೇರು ಜಾರಿತು. ಹನ್ನೊಂದಕ್ಕೆ ಮುದ್ರಣಾಲಯದ ಪಂಚರಲ್ಲಿ ಒಬ್ಬ ತನ್ನ ಷಡ್ಡಕನಿಗೆ ಬಿಲ್ಲೆ ಕಳುವಾದದ್ದನ್ನು ಹೇಳಿದ, ಷಡ್ಡಕ ಗುಂಪಿಗೆ ಹಾಕಿದ. 'ಕಳ್ಳರು ಕದಿಯೋದು ಬೆಲೆ ಇರೋದನ್ನೇ' ಎಂದು ಇನ್ನೊಬ್ಬ ಬರೆದ. ಮಧ್ಯಾಹ್ನದ ಹೊತ್ತಿಗೆ ಷೇರು ಬೆಳಿಗ್ಗೆಗಿಂತ ಐದನೇ ಒಂದು ಪಾಲು ಮೇಲೇರಿತ್ತು.

ಠಾಣೆಗೆ ಮರಳುವಾಗ ಹೆಡ್ ಕಾನ್‌ಸ್ಟೇಬಲ್ ಜೀಪಿನ ಹಿಂದಿನ ಸೀಟಿನಲ್ಲಿ ಫೋನಿನೊಳಗೇ ಮುಳುಗಿದ್ದ.

"ಏನಯ್ಯಾ ಅದು?"

"ಏನಿಲ್ಲ ಸಾರ್."

"ತೋರ್ಸು."

"ಹತ್ತೇ ಹತ್ತು ಸಾರ್. ಹತ್ತು ಷೇರು. ಇವತ್ತೇ ತಗೊಂಡೆ."

"ಕೇಸು ತನಿಖೆ ಮಾಡ್ತಿರೋದು ನಾವೇ ಕಣಯ್ಯಾ! ಏನೂ ಗೊತ್ತಿಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗಯ್ಯಾ ಗೊತ್ತು?"

"ಅದೇ ಸಾರ್. ಏನೂ ಗೊತ್ತಾಗ್ತಿಲ್ಲ ಅಂದ್ಮೇಲೆ ಏನೋ ದೊಡ್ಡದೇ ಇರಬೇಕು."

ಇನ್‌ಸ್ಪೆಕ್ಟರ್ ಅಲ್ಲೇ ಜೀಪು ನಿಲ್ಲಿಸಿ ಆ ಹತ್ತನ್ನೂ ಮಾರಿಸಿದ. ಸಂಜೆಯೊಳಗೆ ಅದರ ಮೇಲೊಂದು ಲಿಖಿತ ವಿವರಣೆಯನ್ನೂ ಬರೆಸಿಕೊಂಡ.

ಮೇಷ್ಟ್ರ ನೋಟ್‌ಬುಕ್ಕನ್ನು ವಶಕ್ಕೆ ತೆಗೆದುಕೊಂಡಿದ್ದರು. ಮೇಜಿನ ಮೇಲೆ ಹರಡಿ ಶನಿವಾರದ ಪುಟ ಓದಿದರೆ, ಹಾಜರಿ ಪುಸ್ತಕಕ್ಕಿಂತ ಅದೇ ಖಚಿತವಾಗಿತ್ತು. 'ಐದು ಹತ್ತು: ಕುಲುಮೆಯವರು ಆರು ಜನ ಹೊರಗೆ. ಐದು ಮೂವತ್ತೈದು: ಟೆಸ್ಟಿಂಗ್ ಮೇಡಂ ಹೊರಗೆ. ದಿನಕ್ಕಿಂತ ಇಪ್ಪತ್ತೈದು ನಿಮಿಷ ತಡ. ಒಳ್ಳೆಯದು. ಆರು ಇಪ್ಪತ್ತು: ಮ್ಯಾನೇಜರ್ ಹೊರಗೆ.'

ಇಪ್ಪತ್ತೈದು ನಿಮಿಷ. ಇನ್‌ಸ್ಪೆಕ್ಟರ್ ಅದರ ಕೆಳಗೆ ಒಂದು ಗೆರೆ ಎಳೆದ. ಆದರೆ ಮ್ಯಾನೇಜರು ಅವಳಿಗಿಂತ ಮುಕ್ಕಾಲು ಗಂಟೆ ಹೆಚ್ಚು ಒಳಗಿದ್ದ. ಇನ್ನೊಂದು ಗೆರೆ ಎಳೆದ. ಎರಡು ಗೆರೆಗಳಿಂದ ಏನೂ ಗೊತ್ತಾಗಲಿಲ್ಲ.

ಸಂಜೆ ಮೇಷ್ಟ್ರು ತಾವಾಗಿಯೇ ಠಾಣೆಗೆ ಬಂದು ನೋಟ್‌ಬುಕ್ ವಾಪಸ್ ಕೇಳಿದರು. ಕೊಡಲಾಗುವುದಿಲ್ಲ ಎಂದಾಗ, ಮೇಡಮ್ಮಿನ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ಕನ್ನಡಕದಣ್ಣನನ್ನೇ ಕೇಳಿ ಎಂದರು.

"ಯಾರದು?"

"ಆ ಹುಡುಗಿಯ ಒಡಹುಟ್ಟಿದ ಅಣ್ಣ. ಮುಖ್ಯರಸ್ತೇಲಿ ಕನ್ನಡಕದ ಅಂಗಡಿ. ನಮ್ಮ ಗುಂಪಲ್ಲೇ ಇದಾನೆ. ಎಲ್ಲರಿಗಿಂತ ಗಟ್ಟಿ ಅವನೇ. ಗುರುವಾರ ಹನ್ನೊಂದು ಗಂಟೆಗೆ ಅಂಗಡೀನೇ ಬರ್ದುಕೊಟ್ಟು, ಬಂದಿದ್ದನ್ನೆಲ್ಲಾ ಷೇರಿಗೆ ಹಾಕ್ತಿದಾನೆ."

"ಅಂಗಡಿ ಮಾರಿ ಹೊಟ್ಟೆಗೇನ್ ಮಾಡ್ತಾನೆ?"

"ಅದನ್ನ ಗುಂಪಲ್ಲಿ ಯಾರೂ ಕೇಳಿಲ್ಲ," ಎಂದರು ಮೇಷ್ಟ್ರು. ತಾವು ಕೇಳಬೇಕಿತ್ತೇನೋ ಎಂಬಂತೆ ಸ್ವಲ್ಪ ಹೊತ್ತು ನಿಂತೇ ಇದ್ದರು.

ಮಂಗಳವಾರ ಹತ್ತೂವರೆಗೆ ಇನ್‌ಸ್ಪೆಕ್ಟರ್ ಅಂಗಡಿಗೆ ಹೋದ. ಗೋಡೆಯ ತುಂಬಾ ಕನ್ನಡಕದ ಫ್ರೇಮುಗಳು, ಒಳಗೆ ಕಾಲಿಟ್ಟರೆ ನೂರು ಜನ ದಿಟ್ಟಿಸಿ ನೋಡಿದ ಹಾಗೆ. ಅರ್ಧ ಗೋಡೆ ಆಗಲೇ ಖಾಲಿಯಾಗಿ ಸಾಮಾನೆಲ್ಲ ರಟ್ಟಿನ ಪೆಟ್ಟಿಗೆ ಸೇರಿತ್ತು. ಕನ್ನಡಕದಣ್ಣ ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು.

"ಬನ್ನಿ ಸಾರ್, ಕೂತ್ಕೊಳ್ಳಿ. ಆ ಬೋರ್ಡು ಓದಿ. ಮೂರನೇ ಸಾಲು."

"ನಾನು ಅದಕ್ಕೆ ಬಂದಿಲ್ಲ."

"ಬಂದಿದೀರಲ್ಲ, ಓದಿ."

ಇನ್‌ಸ್ಪೆಕ್ಟರ್ ಓದಿದ. ಎರಡು ಅಕ್ಷರ ತಪ್ಪಿತು.

"ಕಣ್ಣಿಗೆ ವಯಸ್ಸಾಗಿದೆ ಸಾರ್. ಗುರುವಾರದೊಳಗೆ ಬಂದ್ರೆ ನಾನೇ ಮಾಡ್ಕೊಡ್ತೀನಿ. ಆಮೇಲೆ ಇಲ್ಲಿ ಮೊಬೈಲ್ ಕವರಿನ ಅಂಗಡಿ ಬರುತ್ತೆ."

"ಯಾಕೆ ಮಾರ್ತಿದೀರಿ?"

"ಬಿಲ್ಲೆ ಪಾಸಾಗೋದು ಖಾತ್ರಿ ಅದಕ್ಕೆ."

"ಬಿಲ್ಲೆ ಕಳುವಾಗಿದೆ."

"ನೋಡಿದ್ರಾ! ಕಳುವಾಗಿದೆ ಅಂದ್ರೆ ಎಂಥ ಮಾಲಿರಬೇಕು."

"ಪಾಸಾಗುತ್ತೆ ಅಂತ ತಂಗಿ ಹೇಳಿದ್ರಾ?"

ಕನ್ನಡಕದಣ್ಣನ ಮುಖ ಬಿಗಿಯಿತು. "ಆ ಮಾತು ಆಡಬೇಡಿ. ನನ್ ತಂಗಿ ಕಂಪನಿ ವಿಷಯ ಒಂದಕ್ಷರ ಬಾಯಿ ಬಿಡಲ್ಲ. ಕಾಗದಕ್ಕೆ ಸೈನ್ ಹಾಕಿದಾಳೆ. ಕೇಳಿದ್ರೆ ಎದ್ದೇ ಹೋಗ್ತಾಳೆ."

"ಮತ್ತೆ ಖಾತ್ರಿ ಹೆಂಗೆ?"

"ಎತ್ತಿ ಆಡಿಸಿ ಬೆಳೆಸಿದೀನಿ ಸಾರ್. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಇನ್‌ಸ್ಪೆಕ್ಟರ್ ಠಾಣೆಗೆ ವಾಪಸಾಗಿ, ಗುಂಪಿಗೆ ಕನ್ನಡಕದಣ್ಣ ಹಾಕಿದ ಸಂದೇಶಗಳನ್ನೆಲ್ಲ ತೆಗೆಸಿಕೊಡುವಂತೆ ಮೇಷ್ಟ್ರಿಗೆ ನೋಟಿಸು ಕೊಟ್ಟ. ಮೇಷ್ಟ್ರು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅರವತ್ತು ಹಾಳೆ ಅಚ್ಚು ಹಾಕಿಸಿ, ಪುಟಸಂಖ್ಯೆ ಬರೆದು, ದಾರದಲ್ಲಿ ಹೊಲಿದು ತಂದರು. ರೈಟರಮ್ಮ ಹೋದ ತಿಂಗಳಿನ ಸಂದೇಶಗಳಿಂದ ಹಿಡಿದು ಜೋರಾಗಿ ಓದುತ್ತಾ ಹೋದಳು.

"'ಇಪ್ಪತ್ತನೇ ತಾರೀಕು. ತಂಗಿ ಇವತ್ತು ಎರಡು ಸಲ ಬಡಿಸಿಕೊಂಡಳು. ಒಳಗೆ ಒಳ್ಳೇ ಸುದ್ದಿ ಇದೆ.' 'ಇಪ್ಪತ್ತೆರಡು. ಬಟ್ಟೆ ಒಣಹಾಕುವಾಗ ಹಾಡು ಗುನುಗಿದಳು. ಇನ್ನೂರು ಷೇರು ತಗೊಂಡೆ.' 'ಇಪ್ಪತ್ತೇಳು. ಅತ್ತಿಗೆ ಜೊತೆ ಜಗಳ ಆಡಲಿಲ್ಲ. ಬಹಳ ಒಳ್ಳೇದು.' ಅಯ್ಯೋ ಸಾರ್, ಇದೇನಿದು? ಮನೆ ಹೆಣ್ಣುಮಗಳನ್ನ ಹಿಂಗೆ ಹವಾಮಾನ ವರದಿ ಥರ..."

"ಮುಂದೆ ಓದಿ."

"'ಮೂರನೇ ತಾರೀಕು. ತಂಗಿ ಊಟ ಬಿಟ್ಟಳು. ಕೆಲಸ ಜಾಸ್ತಿ, ಅಂದರೆ ದೊಡ್ಡ ಆರ್ಡರ್.' 'ನಾಲ್ಕು. ಇವತ್ತೂ ತಿನ್ನಲಿಲ್ಲ. ಆರ್ಡರ್ ಬಹಳ ದೊಡ್ಡದು.' 'ಐದು. ಅಂಗಡಿ ಮಾರಾಟ ಕುದುರಿತು, ಹದಿನೇಳಕ್ಕೆ ರಿಜಿಸ್ಟ್ರಿ. ತಂಗಿಗೆ ಹೇಳಿದೆ. ಅತ್ತಳು, ಸಂತೋಷಕ್ಕೆ.' 'ಏಳು. ತಂಗಿ ಅಂಗಡಿ ಮಾರಬೇಡ, ಷೇರು ಮಾರು ಅಂದಳು. ಗೊತ್ತಾಯ್ತಾ? ಒಳಗಿನವರು ಕಮ್ಮಿ ಬೆಲೆಗೆ ಗುಡ್ಡೆ ಹಾಕಿಕೊಳ್ಳೋಕೆ ತಮ್ಮವರ ಕೈಲೇ ಹೀಗೆ ಹೇಳಿಸುತ್ತಿದ್ದಾರೆ. ಯಾರೂ ಮಾರಬೇಡಿ.'"

ರೈಟರಮ್ಮ ಹಾಳೆ ಕೆಳಗಿಟ್ಟಳು. ಎಲ್ಲ ಸಂದೇಶಗಳನ್ನೂ ಬರೆದವನಷ್ಟು ಚೆನ್ನಾಗಿ ಆ ಹೆಂಗಸನ್ನು ಯಾರೂ ಗಮನಿಸಿರಲಿಲ್ಲ. ಅವನಷ್ಟು ತಪ್ಪಾಗಿಯೂ ಯಾರೂ ತಿಳಿದಿರಲಿಲ್ಲ.

"ಮೂರನೇ ತಾರೀಕು ಕಾರ್ಖಾನೇಲಿ ಏನಾಯ್ತು?" ಎಂದು ಇನ್‌ಸ್ಪೆಕ್ಟರ್ ಮ್ಯಾನೇಜರಿಗೆ ಫೋನು ಮಾಡಿ ಕೇಳಿದ.

"ಮೂರಾ? ಏನೂ ಆಗಿಲ್ವಲ್ಲ ಸರ್." ಉತ್ತರ ತೀರಾ ಬೇಗ ಬಂತು.

ಮಧ್ಯಾಹ್ನ ಮೂರು ಹತ್ತಕ್ಕೆ ಪರೀಕ್ಷೆಯ ಕೋಣೆಯಲ್ಲಿ ಟೆಸ್ಟಿಂಗ್ ಮೇಡಂ ಎದುರು ಇನ್‌ಸ್ಪೆಕ್ಟರ್ ಕೂತ. ಪಕ್ಕದಲ್ಲಿ ರೈಟರಮ್ಮ. ಬಾಗಿಲಲ್ಲಿ ಹೆಡ್ ಕಾನ್‌ಸ್ಟೇಬಲ್, ಅವನ ಫೋನು ಇನ್‌ಸ್ಪೆಕ್ಟರ್ ಜೇಬಿನಲ್ಲಿ.

"ಮೂರನೇ ತಾರೀಕಿಂದ ನೀವು ಊಟ ಬಿಟ್ಟಿದೀರಿ."

ಅವಳು ತಲೆ ಎತ್ತಿದಳು. "ಯಾರ್ ಹೇಳಿದ್ದು?"

ಇನ್‌ಸ್ಪೆಕ್ಟರ್ ಹೊಲಿದ ಹಾಳೆಗಳನ್ನು ಮುಂದಿಟ್ಟ. ಅವಳು ಓದಿದಳು. ಬೆರಳು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು, ಹಿಂದೆಯೇ ಕಪ್ಪು ಗೆರೆ ಮೂಡುತ್ತಿತ್ತು. ಒಂದು ಕಡೆ ಬೆರಳು ನಿಂತಿತು.

"ಹಾಡಿದ್ದನ್ನೂ ಬರ್ದಿದಾನೆ," ಎಂದಳು. "ಅವತ್ತು ಸುಮ್ನೆ ಹಾಡಿದ್ದು ಸರ್. ಬಿಸಿಲು ಚೆನ್ನಾಗಿತ್ತು."

"ಮೂರನೇ ತಾರೀಕು?"

ಅವಳು ಹಾಳೆಗಳನ್ನು ಮುಚ್ಚಿ ಪಕ್ಕಕ್ಕೆ ಸರಿಸಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಬಿಲ್ಲೆಗಳನ್ನು ಜೋಡಿಯಾಗಿ ಬೇಯಿಸುತ್ತಾರೆ. ಒಂದನ್ನು ಕೊಡುವುದಕ್ಕೆ ಎತ್ತಿಟ್ಟರೆ ಅದರ ಜೋಡಿಯನ್ನು ಒಳಗೇ ಪರೀಕ್ಷಿಸುತ್ತಾರೆ: ಕಾಯಿಸುವುದು, ತಣ್ಣೀರಿಗೆ ಹಾಕುವುದು, ಮತ್ತೆ ಕಾಯಿಸುವುದು. ನೂರು ಸಲ ತಡೆದರೆ ಪಾಸು. ನಲವತ್ತೊಂದರ ಜೋಡಿ ಅರವತ್ತೆರಡನೇ ಸಲಕ್ಕೆ ಎರಡು ಹೋಳಾಯಿತು.

"ಮ್ಯಾನೇಜರಿಗೆ ಹೇಳಿದ್ರಾ?"

"ವರದಿ ಬರ್ದು ಕೊಟ್ಟೆ. ಡ್ರಾಯರಿಗೆ ಹಾಕ್ಕೊಂಡ್ರು. ಜೋಡಿ ಒಡೆದ್ರೆ ಒಡೀಲಿ, ಇದು ಒಡೆದಿಲ್ವಲ್ಲ ಅಂದ್ರು. ನಾನು ನಲವತ್ತೊಂದನ್ನ ತಟ್ಟಿ ನೋಡ್ದೆ. ಒಳಗೆ ಬಿರುಕಿದೆ ಸರ್. ಕಣ್ಣಿಗೆ ಕಾಣಲ್ಲ, ಕಿವಿಗೆ ಗೊತ್ತಾಗುತ್ತೆ."

"ಅದಕ್ಕೆ ಕದ್ರಾ?"

"ಅದಕ್ಕಲ್ಲ."

"ಮತ್ತೆ?"

"ಎಂಜಿನ್ ಕಂಪನೀಲಿ ಬಿಲ್ಲೆ ಪಾಸಾದ ದಿನ ಷೇರು ಮೇಲೆ ಹೋಗುತ್ತೆ, ಅದಕ್ಕೆ ಮುಂಚೆ ಅಂಗಡಿ ಮಾರಿ ಹಾಕ್ಬಿಡ್ತೀನಿ ಅಂತ ಅಣ್ಣ ಕುಣೀತಿದ್ದ. ಬಿಲ್ಲೇನೇ ಇಲ್ಲ ಅಂದ್ರೆ ಹೆದರ್ತಾನೆ, ಸ್ವಲ್ಪ ದಿನ ತಡೀತಾನೆ ಅಂದ್ಕೊಂಡೆ. ಅವನು ಇನ್ನೂ ಜೋರಾದ."

"ಬಿರುಕಿದೆ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ?"

"ಹೇಳಿದ್ರೆ ಐದು ನಿಮಿಷಕ್ಕೆ ನಾನೂರು ಜನಕ್ಕೆ ಗೊತ್ತಾಗ್ತಿತ್ತು. ಅವನ ಹೊಟ್ಟೇಲಿ ಮಾತು ನಿಲ್ಲಲ್ಲ. ಒಳಗಿನ ಸುದ್ದಿ ಹೊರಗೆ ಹಾಕ್ದ ಅಂತ ಜೈಲಿಗೆ ಹೋಗ್ತಿದ್ದೋನು ಅವನು. ಕಾರಣ ಹೇಳ್ದೆ ಬೇಡ ಅಂದೆ. ಅದಕ್ಕೆ ಅವನು ಏನ್ ಬರ್ದ ಅಂತ ನೀವೇ ಓದಿದೀರಿ."

"ಬಿಲ್ಲೆ ಎಲ್ಲಿ?"

ಅವಳು ಎದ್ದು ಶೆಡ್ಡಿನ ಮೂಲೆಯತ್ತ ನಡೆದಳು. ಅಲ್ಲಿ ತಿರಸ್ಕರಿಸಿದ ಬಿಲ್ಲೆಗಳ ಮರದ ಪೆಟ್ಟಿಗೆಗಳಿದ್ದವು. ಹಿಂದಿನ ಬೇರೆ ಆರ್ಡರುಗಳದ್ದೂ ಸೇರಿ ಇನ್ನೂರಕ್ಕೂ ಹೆಚ್ಚು, ಎಲ್ಲವೂ ಕಪ್ಪು, ಎಲ್ಲವೂ ಅಂಗೈ ಅಗಲ. ಸೋಮವಾರದಿಂದ ಇನ್‌ಸ್ಪೆಕ್ಟರ್ ಎಂಟು ಸಲ ಅವುಗಳ ಪಕ್ಕದಲ್ಲೇ ನಡೆದಾಡಿದ್ದ.

ನಾಲ್ಕೂವರೆಗೆ ವಶಪಡಿಸಿಕೊಳ್ಳುವ ಪಂಚನಾಮೆ ಶುರುವಾಯಿತು. ಪಂಚರು ಅದೇ ಮುದ್ರಣಾಲಯದವರು, ಈ ಸಲ ಅವರ ಫೋನುಗಳನ್ನೂ ಮೊದಲೇ ಮೇಜಿನ ಮೇಲಿರಿಸಿದ್ದರು. ಯಾವ ಪೆಟ್ಟಿಗೆಯಲ್ಲಿ ಹಾಕಿದ್ದು ಎಂದು ಅವಳಿಗೆ ಗೊತ್ತಿತ್ತು. ಆದರೆ ಸೋಮವಾರ ಬೆಳಿಗ್ಗೆ ಮ್ಯಾನೇಜರು ಹುಡುಕುವ ಭರದಲ್ಲಿ ಪೆಟ್ಟಿಗೆಗಳನ್ನೆಲ್ಲ ಮಗುಚಿ ಹಾಕಿ ಮತ್ತೆ ತುಂಬಿಸಿದ್ದ. ನಂಬರು ಕೆತ್ತಿದ ಅಂಚಿಗೆ ಅವಳೇ ಕಪ್ಪು ಮೆತ್ತಿದ್ದಳು.

"ಹೆಂಗ್ ಹುಡುಕ್ತೀರಿ?"

ಅವಳು ಪೆನ್ಸಿಲ್ ತೆಗೆದುಕೊಂಡು ಒಂದು ಬಿಲ್ಲೆಯನ್ನು ಬೆರಳ ತುದಿಯಲ್ಲಿ ಹಿಡಿದು ತಟ್ಟಿದಳು. ಟಿಣ್ ಎಂದಿತು. ಅಂಚು ಸೊಟ್ಟಗಿದ್ದುದಕ್ಕೆ ತಿರಸ್ಕರಿಸಿದ್ದು, ಎಂದು ಪಕ್ಕಕ್ಕಿಟ್ಟಳು. ಇನ್ನೊಂದು. ಟಿಣ್. ಕಲೆಯಿತ್ತು, ಎಂದಳು. ಒಂದರ ಹಿಂದೆ ಒಂದು ತಟ್ಟುತ್ತಾ ಹೋದಳು. ಹೆಡ್ ಕಾನ್‌ಸ್ಟೇಬಲ್ ಎಣಿಸುತ್ತಿದ್ದ. ಪಂಚರಲ್ಲೊಬ್ಬ ಆಕಳಿಸಿದ. ನೂರಾ ಮೂವತ್ತೇಳನೆಯದು ಟಪ್ ಎಂದಿತು, ಒದ್ದೆ ಹಲಗೆಯ ಮೇಲೆ ಬಡಿದ ಹಾಗೆ. ಎಲ್ಲರೂ ತಲೆ ಎತ್ತಿದರು.

ಬಟ್ಟೆಯಿಂದ ಅಂಚು ಒರೆಸಿದರೆ ನಲವತ್ತೊಂದು.

"ಅಂದ್ರೆ ಬಿಸಾಕಿದ್ದೆಲ್ಲ ಗಟ್ಟಿ, ಆರಿಸಿ ಎತ್ತಿಟ್ಟಿದ್ದೊಂದು ಬಿರುಕು," ಎಂದ ಹೆಡ್ ಕಾನ್‌ಸ್ಟೇಬಲ್.

"ಹೂಂ," ಎಂದಳು ಅವಳು.

ರೈಟರಮ್ಮನ ಪೆನ್ನು ಮತ್ತೆ ನಿಂತಿತು. "ಸಾರ್, ಮಾಲು ಕಾರ್ಖಾನೆಯಿಂದ ಹೊರಗೇ ಹೋಗಿಲ್ಲ. ಕಳ್ಳತನ ಅಂತ ಹಾಕೋದಾ?"

"ಇದ್ದ ಜಾಗದಿಂದ ಎತ್ತಿ ಬಚ್ಚಿಟ್ಟಿದಾರಲ್ಲ, ಹಾಕು. ಮಿಕ್ಕಿದ್ದನ್ನ ನ್ಯಾಯಾಧೀಶರು ನೋಡ್ಕೊಳ್ಳಲಿ." ಮ್ಯಾನೇಜರ ಡ್ರಾಯರಿನಿಂದ ಮೂರನೇ ತಾರೀಕಿನ ವರದಿಯೂ ಸಿಕ್ಕಿತು. ಅದನ್ನು ಬೇರೆ ಲಕೋಟೆಗೆ ಹಾಕಿ, ಷೇರು ಪೇಟೆಯ ಮೇಲೆ ಕಣ್ಣಿಡುವ ಇಲಾಖೆಗೆ ಕಳಿಸುವುದೆಂದು ಟಿಪ್ಪಣಿ ಬರೆದರು. ಮ್ಯಾನೇಜರು ಈ ಸಲ ಯಾರೂ ಹೇಳದೆಯೇ ಕೂತ.

ಪಂಚನಾಮೆಗೆ ಸಹಿ ಬೀಳುವಾಗ ಆರು ಇಪ್ಪತ್ತೈದು. ಹೊರಗೆ ಸೂರ್ಯ ಮುಳುಗಿಯಾಗಿತ್ತು. ಸೂರ್ಯಾಸ್ತದ ನಂತರ ಹೆಂಗಸರನ್ನು ಬಂಧಿಸುವ ಹಾಗಿಲ್ಲ. ಬೆಳಿಗ್ಗೆ ಠಾಣೆಗೆ ಹಾಜರಾಗಬೇಕೆಂದು ನೋಟಿಸು ಬರೆಸಿ ಇನ್‌ಸ್ಪೆಕ್ಟರ್ ಅವಳಿಗೆ ಕೊಟ್ಟ.

"ಎಷ್ಟು ಗಂಟೆಗೆ ಬರ್ಲಿ ಸರ್?"

"ಹತ್ತಕ್ಕೆ."

"ಅರೆಸ್ಟ್ ಮಾಡೋದು?"

"ಬರವಣಿಗೆ ಮುಗಿದ್ಮೇಲೆ."

"ಹತ್ತೂವರೆಗೆ ಮಾಡ್ತೀರಾ?" ಇನ್‌ಸ್ಪೆಕ್ಟರ್ ಮುಖ ನೋಡಿದ. ಅವಳೇ ಮುಂದುವರಿಸಿದಳು. "ಅರೆಸ್ಟ್ ಆದ್ರೆ ಮನೆಯೋರಿಗೆ ತಿಳಿಸ್ಬೇಕು ಅಲ್ವಾ? ಬಂದು ಸೈನ್ ಹಾಕ್ಬೇಕು ಅಲ್ವಾ? ಹನ್ನೊಂದಕ್ಕೆ ಅವನ ರಿಜಿಸ್ಟ್ರಿ ಇದೆ."

ಬಂಧನಕ್ಕೆ ಸಮಯ ಗೊತ್ತು ಮಾಡಿದ ಆರೋಪಿಯನ್ನು ಇನ್‌ಸ್ಪೆಕ್ಟರ್ ಇದುವರೆಗೆ ಕಂಡಿರಲಿಲ್ಲ. "ನಾನೇ ಹೋಗಿ ಮಾರಬೇಡ ಅಂತ ಹೇಳ್ಲಾ?"

"ಪೊಲೀಸ್ರೇ ಬಂದು ಹೆದರಿಸ್ತಿದಾರೆ, ಅಂದ್ರೆ ಏನೋ ಇದೆ ಅಂತಾನೆ. ಇನ್ನೊಂದು ಸಾವಿರ ಷೇರು ತಗೋತಾನೆ."

"ಇವತ್ತು ನೀವೇ ಮನೇಲಿ ಹೇಳಿದ್ರೆ?"

"ಯೋಚನೆ ಮಾಡಕ್ಕೆ ಒಂದು ರಾತ್ರಿ ಕೊಟ್ರೆ ಅದಕ್ಕೂ ಒಂದು ಅರ್ಥ ಕಟ್ತಾನೆ ಸರ್. ಬೆಳಗಾಗೋದ್ರೊಳಗೆ ಅಂಗಡಿ ಜೊತೆ ಮನೇನೂ ಹೋಗುತ್ತೆ. ಅವನಿಗೆ ಯೋಚನೆ ಮಾಡಕ್ಕೆ ಪುರುಸೊತ್ತೇ ಇರಬಾರದು."

"ಬರ್ತಾನೆ ಅಂತ ಏನ್ ಗ್ಯಾರಂಟಿ? ರಿಜಿಸ್ಟ್ರಿ ಮುಗಿಸ್ಕೊಂಡೇ ಬಂದ್ರೆ?"

ಅವಳು ಪೆನ್ಸಿಲನ್ನು ಮೇಜಿನ ಮೇಲೆ ಸರಿಯಾಗಿ ಜೋಡಿಸಿಟ್ಟಳು. "ಹಂಗೆ ಬಂದ್ರೆ ಹೋಗ್ಲಿ ಬಿಡಿ ಸರ್, ಅಂಗಡಿ."

"ಸಮಯ ಎಲ್ಲ ನೀವು ಹೇಳಂಗಿಲ್ಲ," ಎಂದ ಇನ್‌ಸ್ಪೆಕ್ಟರ್. "ಹತ್ತಕ್ಕೆ ಬನ್ನಿ."

ಗುರುವಾರ, ಹದಿನೇಳು. ಅವಳು ಒಂಬತ್ತು ಐವತ್ತಕ್ಕೇ ಬಂದು ಬೆಂಚಿನ ಮೇಲೆ ಕೂತಳು. ಹತ್ತು ಗಂಟೆಗೆ ಹೇಳಿಕೆ ಓದಿ ಸಹಿ ಮಾಡಿದಳು. ರೈಟರಮ್ಮನಿಗೆ ಬಂಧನ ಪತ್ರದ ನಮೂನೆ ಸಿಗಲಿಲ್ಲ. ಎದುರಿನ ಕಪಾಟಿನಲ್ಲೇ ಇತ್ತು, ಆದರೂ ಹುಡುಕಿದಳು. ಇನ್‌ಸ್ಪೆಕ್ಟರ್ ಇನ್ನೊಂದು ಲೋಟ ಚಹಾ ತರಿಸಿಕೊಂಡ. ಪತ್ರದಲ್ಲಿ ಬಂಧನದ ಸಮಯ ಎಂದಿರುವ ಕಡೆ ಹತ್ತು ಮೂವತ್ತೈದು ಎಂದು ಬರೆದರು.

ಹತ್ತು ಮೂವತ್ತೆಂಟಕ್ಕೆ ಹೆಡ್ ಕಾನ್‌ಸ್ಟೇಬಲ್ ಫೋನು ಮಾಡಿದ. ಸ್ಪೀಕರಿನಲ್ಲಿ ಗಜಿಬಿಜಿ ಕೇಳಿಸಿತು, ಯಾರೋ ಟೋಕನ್ ನಂಬರು ಕೂಗುತ್ತಿದ್ದರು.

"ನಿಮ್ಮ ತಂಗೀನ ಅರೆಸ್ಟ್ ಮಾಡಿದೀವಿ."

"ಯಾರನ್ನ?"

"ನಿಮ್ಮ ತಂಗೀನ."

ಫೋನು ಕಡಿದು ಹೋಯಿತು. ಅವನು ಏನು ತೀರ್ಮಾನಿಸಿದ ಎಂಬುದು ಠಾಣೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮತ್ತೆ ಮಾಡಿದರೆ ತೆಗೆಯಲಿಲ್ಲ. ಹತ್ತು ಐವತ್ತಾಯಿತು. ಹತ್ತು ಐವತ್ತೈದಾಯಿತು. ಅವಳು ಗಡಿಯಾರ ನೋಡಲಿಲ್ಲ, ಬಾಗಿಲನ್ನೂ ನೋಡಲಿಲ್ಲ. ಹನ್ನೊಂದು ದಾಟಿತು. ಹೆಡ್ ಕಾನ್‌ಸ್ಟೇಬಲ್ ಹೊರಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದು ತಲೆಯಾಡಿಸಿದ. ರೈಟರಮ್ಮ ಸೆರಗಿನಿಂದ ಮೇಜು ಒರೆಸಿದಳು. ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ.

ಹನ್ನೊಂದು ನಾಲ್ಕಕ್ಕೆ ಕನ್ನಡಕದಣ್ಣ ಬಂದ. ಓಡಿಯೇ ಬಂದಿದ್ದ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಕಂಕುಳಲ್ಲಿ ಕಾಗದದ ಕಟ್ಟು.

"ಪುಟ್ಟೀ! ಯಾರೇ ಏನ್ ಮಾಡಿದ್ರು? ಏನ್ ಸಾರ್ ಇದು? ಇವಳು ಏನ್ ಮಾಡಿದಾಳೆ? ಇರುವೆ ತುಳಿಯೋಳಲ್ಲ ಸಾರ್ ಇವಳು!"

ಇನ್‌ಸ್ಪೆಕ್ಟರ್ ಬಂಧನ ಪತ್ರ ಮುಂದಿಟ್ಟ. ಕನ್ನಡಕದಣ್ಣ ಹಣೆಯ ಮೇಲಿನ ಕನ್ನಡಕ ಇಳಿಸಿ ಓದಿದ, ಅದನ್ನು ತೆಗೆದು ಮೂಗಿನ ಮೇಲಿದ್ದುದರಲ್ಲಿ ಇನ್ನೊಂದು ಸಲ ಓದಿದ.

"ಇವಳು ಕದ್ಲಾ? ಬಿಲ್ಲೇನ? ಇವಳ್ಯಾಕೆ ಕದೀತಾಳೆ?" ಕಣ್ಣು ಅತ್ತಿತ್ತ ಓಡಾಡತೊಡಗಿತು. "ಇರಿ ಇರಿ. ಒಳಗಿನೋರೇ ಬಚ್ಚಿಟ್ಟಿದಾರೆ ಅಂದ್ರೆ..."

"ಅಣ್ಣಾ." ಅವಳು ಅವನ ಮಣಿಕಟ್ಟು ಹಿಡಿದಳು. "ಅಂದ್ರೆ ಗಿಂದ್ರೆ ಏನೂ ಇಲ್ಲ. ಎತ್ತಿಟ್ಟೆ. ಸಿಕ್ಕಿಹಾಕ್ಕೊಂಡೆ. ಅಷ್ಟೇ."

ಅವನು ಅವಳ ಮುಖವನ್ನೇ ನೋಡುತ್ತಾ ನಿಂತ. ಬಹಳ ಹೊತ್ತು ನೋಡಿದ. ಅಲ್ಲಿ ಏನು ಬರೆದಿದೆ ಎಂದು ಅವನಿಗೆ ತಿಳಿಯಲಿಲ್ಲ, ತಿಳಿಯಲಿಲ್ಲವೆಂಬುದೂ ಅವನ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಬೆಂಚಿನ ಮೇಲೆ ಅವಳ ಪಕ್ಕ ಧೊಪ್ಪನೆ ಕೂತ. ಫೋನು ಹೊಡೆದುಕೊಂಡಿತು. ಅಂಗಡಿ ಕೊಳ್ಳುವವನು. ಇನ್ನರ್ಧ ಗಂಟೆ ಕಾಯುತ್ತೇನೆ, ಆಮೇಲೆ ಈ ಅಂಗಡಿಯೂ ಬೇಡ, ನಿಮ್ಮ ಸಹವಾಸವೂ ಬೇಡ ಎಂದು ಕಿರುಚಿದ್ದು ಎಲ್ಲರಿಗೂ ಕೇಳಿಸಿತು.

"ಹೋಗ್ಬೇಕಾದ್ರೆ ಹೋಗಿ ಬನ್ನಿ," ಎಂದ ಇನ್‌ಸ್ಪೆಕ್ಟರ್. ಹೇಳಲೇಬೇಕಾದ ಮಾತು ಅದು. "ಸಹಿ ಆಮೇಲೆ ಹಾಕಬಹುದು."

ಕನ್ನಡಕದಣ್ಣ ಫೋನನ್ನು ನೋಡಿದ, ತಂಗಿಯನ್ನು ನೋಡಿದ. "ತಲೆ ಕೆಟ್ಟಿದ್ಯಾ ಸಾರ್ ನಿಮಗೆ?" ಎಂದು ಫೋನನ್ನು ಆರಿಸಿಯೇಬಿಟ್ಟ. "ಇವಳನ್ನ ಇಲ್ಲಿ ಬಿಟ್ಟು ಎಲ್ಲಿಗೆ ಹೋಗ್ಲಿ?"

ರೈಟರಮ್ಮ ನಮೂನೆ ಎಳೆದುಕೊಂಡು, ತಿಳಿವಳಿಕೆ ಪಡೆದ ಸಂಬಂಧಿಕರ ವಿವರ ತುಂಬಿಸತೊಡಗಿದಳು. ಸಂಬಂಧ: ಅಣ್ಣ. ವಯಸ್ಸು: ನಲವತ್ತೊಂಬತ್ತು.

"ಕಸುಬು?"

"ಕನ್ನಡಕದ ಅಂಗಡಿ."

"ಇದೆಯಾ, ಕೊಟ್ಟಾಯ್ತಾ?"

ಅವನು ಕಂಕುಳಿನ ಕಾಗದದ ಕಟ್ಟನ್ನು ತೆಗೆದು, ಇದು ಇಲ್ಲಿಗೆ ಹೇಗೆ ಬಂತು ಎಂಬಂತೆ ನೋಡಿ, ಬೆಂಚಿನ ಕೆಳಗೆ ತಳ್ಳಿದ.

"ಇದೆ, ಬರ್ಕೊಳ್ಳಿ."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಹನ್ನೊಂದು ಐವತ್ತಕ್ಕೆ ಅವಳನ್ನು ನ್ಯಾಯಾಲಯಕ್ಕೆ ಕರೆದೊಯ್ದರು. ಅಣ್ಣನೂ ಜೀಪು ಹತ್ತಿದ. ಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ.

ಮ್ಯಾನೇಜರು ಮುಚ್ಚಿಟ್ಟಿದ್ದ ವರದಿ ಶುಕ್ರವಾರ ಹೊರಬಿತ್ತು. ಮಧ್ಯಾಹ್ನದೊಳಗೆ ಷೇರನ್ನು ಕೇಳುವವರೇ ಇರಲಿಲ್ಲ. ಕನ್ನಡಕದಣ್ಣ ಹಿಂದೆ ಹಾಕಿದ್ದೆಲ್ಲ ಹೋಯಿತು. ನಾನೂರಾ ಹನ್ನೆರಡು ಜನರ ಗುಂಪಿನಲ್ಲಿ ಒಂಬತ್ತು ಜನ ಉಳಿದರು. ಆ ಒಂಬತ್ತು ಜನರಲ್ಲಿ, ಇದೆಲ್ಲ ಬೆಲೆ ಇಳಿಸಲು ಹೂಡಿದ ಆಟ ಎನ್ನುವವರು ಮೂವರು.

ದೋಷಾರೋಪ ಪಟ್ಟಿಯಲ್ಲಿ ಉದ್ದೇಶ ಎಂಬ ಕಡೆ ಏನು ಬರೆಯುವುದೆಂದು ರೈಟರಮ್ಮ ಕೇಳಿದಾಗ, ಲಾಭವೆಂದಾಗಲೀ ದ್ವೇಷವೆಂದಾಗಲೀ ಹೇಳಲು ಇನ್‌ಸ್ಪೆಕ್ಟರ್‌ಗೆ ಆಗಲಿಲ್ಲ. ಆರೋಪಿಯ ಹೇಳಿಕೆಯ ಕೊನೆಯ ಎರಡು ಸಾಲನ್ನೇ ಇದ್ದ ಹಾಗೆ ಇಳಿಸಲು ಹೇಳಿದ:

'ಅಂಗಡಿ ಮೊದಲು ಈಗಿನದರ ಎರಡರಷ್ಟಿತ್ತು. ನನ್ನ ಓದಿಗೋಸ್ಕರ ಅಣ್ಣ ಅರ್ಧ ಮಾರಿದ, ಉಳಿದರ್ಧವನ್ನೂ ನನ್ನ ಮುಖ ನೋಡಿಕೊಂಡೇ ಮಾರುವುದು ಬೇಡವಾಗಿತ್ತು.'